ಬೈಕಿಗೊಂದು ಬಾಗಿಲು

ಎದುರು ಮನೆಯ ಕ್ಷೌರಿಕನ ಬೈಕು ಹಾಡಹಗಲೇ ಕಳುವಾದ ದಿನ, ಅವನಿಗಿಂತ ಹೆಚ್ಚು ಕಂಗಾಲಾದವನು ಅಳತೆ ಮೇಸ್ತ್ರಿ. ಕ್ಷೌರಿಕನ ಅಂಗಡಿ ಅವನ ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ಯಾರದೋ ಕೆನ್ನೆಗೆ ನೊರೆ ಹಚ್ಚುತ್ತಿದ್ದಾಗ ಕನ್ನಡಿಯೊಳಗೆ ಒಂದು ಬೈಕು ಹೊರಟುಹೋಗುವುದು ಅವನಿಗೆ ಕಂಡಿತು. 'ಥೇಟ್ ನನ್ನದರ ಹಾಗೇ ಇದೆಯಲ್ಲ' ಎಂದು ಮೆಚ್ಚಿಕೊಂಡು ಮತ್ತೆ ನೊರೆ ಹಚ್ಚತೊಡಗಿದ. ಇದನ್ನು ಅವನೇ ಬಂದವರಿಗೆಲ್ಲ ಹೇಳಿ ನಗುತ್ತಿದ್ದ. ಮೇಸ್ತ್ರಿಗೆ ಮಾತ್ರ ನಗು ಬರಲಿಲ್ಲ, ಏಕೆಂದರೆ ಅವನ ಮನೆಗೂ ಈಗ ಒಂದು ಬೈಕು ಬಂದಿತ್ತು.

ಬೈಕು ಮಗಳದು. ಅವಳಿಗೆ ಊರಿನ ಇನ್ನೊಂದು ತುದಿಯ ಬೇಕರಿಯಲ್ಲಿ ಕೆಲಸ ಸಿಕ್ಕಿತ್ತು. ಕೋಳಿ ಕೂಗುವ ಮೊದಲೇ ಹೋಗಿ ಒಲೆ ಹೊತ್ತಿಸಬೇಕು, ಆ ಹೊತ್ತಿಗೆ ಬಸ್ಸಿಲ್ಲ. ಬೇಕರಿಯ ಯಜಮಾನಿಯೋ, ತಾನು ಹೇಳಿದ್ದನ್ನು ಮಾಡಿಯೇ ತೀರುವ ಹೆಂಗಸು. "ಮೊದಲನೇ ದಿನ ತಡವಾಗಿ ಬಂದೋರು ಎರಡನೇ ದಿನ ಬರೋದೇ ಬೇಡ" ಎಂದು ನಗುನಗುತ್ತಲೇ ಹೇಳಿ ಕಳಿಸಿದ್ದಳು. ಸಂಗತಿ ತಿಳಿದ ಸೋದರತ್ತೆ, ತಾನು ಓಡಿಸುತ್ತಿದ್ದ ಕೆಂಪು ಬೈಕನ್ನೇ ತಂದು ಸೊಸೆಯ ಕೈಗಿತ್ತಳು. ಸೋಮವಾರ ಕೆಲಸ ಶುರು, ಇನ್ನೊಂದು ವಾರವಿತ್ತು.

ಮೇಸ್ತ್ರಿ ಬಡಗಿ. ಬಾಗಿಲು ಮಾಡುವುದರಲ್ಲಿ ಅವನದು ಎತ್ತಿದ ಕೈ. ಅಳತೆ ಮೇಸ್ತ್ರಿ ಎಂಬ ಹೆಸರೂ ಸುಮ್ಮನೆ ಬಂದದ್ದಲ್ಲ. ಯಾರ ಮನೆಗೆ ಬಾಗಿಲು ಮಾಡಲು ಹೋದರೂ ಟೇಪು ಬಿಚ್ಚುವ ಮೊದಲು ಮನೆಮಂದಿಯನ್ನೆಲ್ಲ ಕೂರಿಸಿಕೊಂಡು, "ಈ ಬಾಗಿಲಿಂದ ಹೊರಗೆ ಹೋಗಬೇಕಾದ್ದರಲ್ಲಿ ಎಲ್ಲಕ್ಕಿಂತ ಅಗಲವಾದದ್ದು ಯಾವುದು?" ಎಂದು ಕೇಳುತ್ತಿದ್ದ. ಒಳಗೆ ಬರುವುದನ್ನು ಕೇಳುತ್ತಿರಲಿಲ್ಲ. ಒಳಗೆ ಬರುವುದು ಬಿಚ್ಚಿ ಜೋಡಿಸಿಕೊಂಡಾದರೂ ಬರುತ್ತದೆ, ಹೊರಗೆ ಹೋಗುವುದು ಯಾವಾಗಲೂ ಅವಸರದಲ್ಲೇ ಹೋಗುತ್ತದೆ ಎಂಬುದು ಅವನಿಗೆ ಕೆಲಸ ಕಲಿಸಿದ ಗುರುವಿನ ಮಾತು. ಜನ ತಲೆ ಕೆರೆದುಕೊಂಡು ಮಂಚ, ಕಪಾಟು, ಹೊಲಿಗೆ ಯಂತ್ರ, ಕೊನೆಗೆ ಮನೆಯ ದಢೂತಿ ಮಾವ ಎಂದು ಒಂದೊಂದನ್ನೇ ನೆನಪು ಮಾಡಿಕೊಳ್ಳುತ್ತಿದ್ದರು. ಮೇಸ್ತ್ರಿ ಮಾವನನ್ನೂ ಬಿಡದೆ ನಿಲ್ಲಿಸಿ ಅಳೆಯುತ್ತಿದ್ದ. ಅವನು ಮಾಡಿದ ಬಾಗಿಲಲ್ಲಿ ಏನಾದರೂ ಸಿಕ್ಕಿಹಾಕಿಕೊಂಡಿತು ಎಂದು ಯಾರೂ ಹೇಳುವಂತಿರಲಿಲ್ಲ.

ಸ್ವಂತ ಮನೆಯ ಬಾಗಿಲು ಮಾತ್ರ ಗೆದ್ದಲು ತಿಂದು ಜಾಳಾಗಿ, ಒಂದು ಗುಂಡುಕಲ್ಲಿನ ಆಸರೆಯಲ್ಲಿ ಮುಚ್ಚಿಕೊಳ್ಳುತ್ತಿತ್ತು. ದೀಪದ ಬುಡ ಯಾವತ್ತಿದ್ದರೂ ಕತ್ತಲೆ. ಇಷ್ಟು ವರ್ಷ ಆ ಮನೆಯಲ್ಲಿ ಕದಿಯುವಂಥದ್ದು ಏನೂ ಇರಲಿಲ್ಲವಾದ್ದರಿಂದ ಕಲ್ಲೇ ಸಾಕಾಗಿತ್ತು.

"ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕೋನು ನಾನಲ್ಲ" ಎಂದು ಮೇಸ್ತ್ರಿ ಅವತ್ತೇ ಒಂದು ಸರಪಳಿ ತಂದು ಬೈಕನ್ನು ಕಿಟಕಿಯ ಸರಳಿಗೆ ಬಿಗಿದ. ಮಾರನೇ ದಿನ, ಒಂದು ಸರಪಳಿ ಕತ್ತರಿಸುವವನಿಗೆ ಎರಡು ಕತ್ತರಿಸಲು ಬೇಜಾರಾಗಬಹುದು ಎಂದು ಇನ್ನೊಂದು ತಂದ. ಆಮೇಲೆ ಅಂಗಳಕ್ಕೆ ಅಡ್ಡಲಾಗಿ ದಾರ ಕಟ್ಟಿ ಅದಕ್ಕೆ ಖಾಲಿ ಡಬ್ಬಗಳನ್ನು ನೇತುಹಾಕಿದ. ಅದಕ್ಕೆ ಮೊದಲು ಎಡವಿದವಳು ಹಾಲಿನವಳು, ಎರಡನೆಯವನು ಕಟ್ಟಿದ ಮಹಾಶಯನೇ. ಮತ್ತೊಂದು ದಿನ ಸ್ಪಾರ್ಕ್ ಪ್ಲಗ್ಗನ್ನೇ ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡು ಕೆಲಸಕ್ಕೆ ಹೋಗಿಬಿಟ್ಟ. ಓಡಿಸಿ ಅಭ್ಯಾಸ ಮಾಡೋಣವೆಂದು ಬಂದ ಮಗಳು ಒದ್ದೂ ಒದ್ದೂ ಕಾಲು ನೋಯಿಸಿಕೊಂಡಳು.

"ಅಪ್ಪ, ಕಳ್ಳ ಓಡಿಸೋದಕ್ಕಿಂತ ಮುಂಚೆ ನಾನೊಂದು ಸಲ ಓಡಿಸಲಾ?" ಎಂದು ಅವಳು ಸಂಜೆ ಕೇಳಿದಳು.

ಬೈಕು ಬೈಕಿನ ಹಾಗೆ ಕಾಣಲೇಬಾರದು ಎಂದು ಅವನು ಅದಕ್ಕೆ ಹಳೇ ಕಂಬಳಿ, ಗೋಣಿಚೀಲ ಹೊದಿಸಿ ಹಗ್ಗ ಸುತ್ತಿದಾಗ ಹೆಂಡತಿ ಹೊಸ್ತಿಲಲ್ಲಿ ನಿಂತು ನೋಡಿದಳು. ಅವಳು ಮದುವೆಯಾದಾಗಿನಿಂದ ಈ ಮನುಷ್ಯನನ್ನು ಗೇಲಿ ಮಾಡಿಕೊಂಡೇ ಸಂಸಾರ ಸಾಗಿಸಿದವಳು. "ಈಗ ಹೆಣ ಕಟ್ಟಿಟ್ಟ ಹಾಗೆ ಕಾಣ್ತಿದೆ" ಎಂದಳು. "ಕಳ್ಳ ಬರಲ್ಲ ಬಿಡಿ, ಪೊಲೀಸರು ಬರ್ತಾರೆ."

ಅಂತೂ ಬೈಕು ಮುಂದಿನ ಕೋಣೆಗೇ ಬಂತು. ಎರಡು ಕುರ್ಚಿ ಅಡುಗೆಮನೆಗೆ ಹೋದವು. ಮನೆಯೆಲ್ಲ ಪೆಟ್ರೋಲ್ ವಾಸನೆ. ಬಂದವರು ಕೂರಲು ಜಾಗವಿಲ್ಲದೆ ಬೈಕಿನ ಸೀಟಿನ ಮೇಲೇ ಕೂತು ಕಾಫಿ ಕುಡಿದು ಹೋದರು. ಹೆಂಡತಿ ಹ್ಯಾಂಡಲ್ಲಿಗೆ ಒದ್ದೆ ಟವೆಲು ಹರವಿದಳು, ಕನ್ನಡಿ ನೋಡಿಕೊಂಡು ತಲೆ ಬಾಚಿಕೊಂಡಳು. ಮೇಸ್ತ್ರಿಗೆ ಆಗಲೂ ಸಮಾಧಾನವಿಲ್ಲ. ಬೈಕು ಒಳಗಿದ್ದೇನು ಬಂತು, ಬಾಗಿಲಿಗೆ ಇರುವುದು ಗುಂಡುಕಲ್ಲು ತಾನೆ.

ನಿಜ ಹೇಳಬೇಕೆಂದರೆ ಅವನ ಹೆದರಿಕೆ ಬೈಕಿನದಾಗಿರಲಿಲ್ಲ. ಮಗಳು ಹೆಲ್ಮೆಟ್ ಹಾಕಿಕೊಂಡು ತಿರುವಿನಾಚೆ ಮರೆಯಾದಾಗಲೆಲ್ಲ, ಅವಳು ಮರಳುವ ತನಕ ಅವನು ಬೀದಿ ಬಿಟ್ಟು ಕದಲುತ್ತಿರಲಿಲ್ಲ. ಕತ್ತಲಲ್ಲಿ ಹೋಗುವ ದಾರಿ, ಮಧ್ಯೆ ಲಾರಿಗಳು. "ಹತ್ತಿರದಲ್ಲೇ ಎಲ್ಲೂ ಕೆಲಸ ಇರಲಿಲ್ವಾ?" ಎಂದು ಒಂದೇ ಒಂದು ಸಲ ಕೇಳಿದ್ದ. ಅವಳ ಮುಖ ಬಾಡಿದ್ದನ್ನು ಕಂಡು ಬಾಯಿ ಮುಚ್ಚಿಕೊಂಡ. ಆ ಕೆಲಸಕ್ಕಾಗಿ ಅವಳು ಎಷ್ಟು ಕಡೆ ಅಲೆದಿದ್ದಳೆಂದು ಅವನಿಗೆ ಗೊತ್ತಿತ್ತು. ಬೇಡ ಎನ್ನಲು ಬಾಯಿಲ್ಲ, ಹೋಗು ಎನ್ನಲು ಮನಸ್ಸಿಲ್ಲ, ಹಾಗಾಗಿ ಕಳ್ಳನನ್ನು ಬೈದುಕೊಂಡು ತಿರುಗುತ್ತಿದ್ದ.

ಭಾನುವಾರ ತಾಯಿ ಮಗಳು ಮಳೆಕೋಟು ತರಲೆಂದು ಪೇಟೆಗೆ ಹೋದರು. ಮೇಸ್ತ್ರಿ ಯಾರದೋ ಮನೆಗೆಂದು ಎತ್ತಿಟ್ಟಿದ್ದ ಒಳ್ಳೇ ಮರವನ್ನು ಹೊರತೆಗೆದ. ಹಳೇ ಬಾಗಿಲು ಕಿತ್ತ, ಅದು ಕೈಯಲ್ಲೇ ಪುಡಿಯಾಯಿತು. ಗೋಡೆಯ ಬಾಗಿಲಕಂಡಿಯೊಳಗೆ, ಎರಡೂ ಬದಿಗೆ, ಹೊಸ ಚೌಕಟ್ಟು ಕೂರಿಸಿದ, ಕಂಬದಷ್ಟು ದಪ್ಪದ್ದು. ಕಳ್ಳ ಮೀಟಿ ಕೀಳಬಾರದೆಂದು ಗೋಡೆಯೊಳಕ್ಕೆ ಉದ್ದುದ್ದ ಬೋಲ್ಟು ಹೊಡೆದು ತಲೆಗಳನ್ನು ಅರೆದು ನುಣ್ಣಗೆ ಮಾಡಿದ. ಅಂಚಿಗೆ ಕಬ್ಬಿಣದ ಪಟ್ಟಿ, ಒಳಗೆ ಅಗುಳಿ, ಹೊರಗೆ ಬೀಗ. ಬೈಕು ಪಕ್ಕದಲ್ಲೇ ನಿಂತಿತ್ತು. ಬಗ್ಗಿ ಕೆಲಸ ಮಾಡುವಾಗ ಅದರ ಸೀಟಿನ ಮೇಲೆ ಉಳಿ, ಸುತ್ತಿಗೆ ಇಟ್ಟುಕೊಂಡ. ಇಡೀ ಜೀವಮಾನದಲ್ಲಿ ಅಷ್ಟು ಚೆಂದದ ಬಾಗಿಲನ್ನು ಅವನು ಮಾಡಿರಲಿಲ್ಲ. ಮುಚ್ಚಿದರೆ ಬೆಳಕಿನ ಒಂದು ಎಳೆಯೂ ಒಳಗೆ ಬರುತ್ತಿರಲಿಲ್ಲ.

ತಾಯಿ ಮಗಳು ಬಂದು ಬಾಗಿಲನ್ನು ನೋಡಿ ನಿಜವಾಗಿಯೂ ಬೆರಗಾದರು. ಹೆಂಡತಿ ಅದರ ಮೈ ಸವರಿ, "ಕೊನೆಗೂ ನಮ್ಮನೆಗೂ ಒಬ್ಬ ಬಡಗಿ ಬಂದ" ಎಂದಳು. ಮೇಸ್ತ್ರಿ ಮೀಸೆಯಡಿಯಲ್ಲೇ ನಕ್ಕ. ಮಗಳು, ಬೆಳಕಿರುವಾಗಲೇ ಬೇಕರಿಯ ದಾರಿಯನ್ನು ಇನ್ನೊಂದು ಸಲ ನೋಡಿಕೊಂಡು ಬರುತ್ತೇನೆಂದು ಹೆಲ್ಮೆಟ್ ಹಾಕಿಕೊಂಡು ಬೈಕನ್ನು ತಳ್ಳಿದಳು. ಮುಂದಿನ ಚಕ್ರ ಹೊಸ್ತಿಲು ದಾಟಿತು. ಹ್ಯಾಂಡಲ್ ಚೌಕಟ್ಟಿಗೆ ಬಡಿದು ನಿಂತಿತು.

"ಸ್ವಲ್ಪ ಓರೆ ಮಾಡು" ಎಂದ ಮೇಸ್ತ್ರಿ.

ಅವಳು ಓರೆ ಮಾಡಿದಳು. ಒಂದು ಹಿಡಿ ಹೊರಗೆ ಹೋಯಿತು, ಇನ್ನೊಂದು ಒಳಗೇ ಉಳಿಯಿತು, ಚಕ್ರ ತಿರುಗಿ ಚೌಕಟ್ಟಿಗೇ ಅಡ್ಡವಾಯಿತು. ಹಿಂದೆ ಎಳೆದು, ಮುಂದೆ ತಳ್ಳಿ, ಎತ್ತಿ, ಇಳಿಸಿ ಎಲ್ಲ ನೋಡಿದರು. ಹಿಂಬಾಗಿಲು ಇನ್ನೂ ಕಿರಿದು. ಸದ್ದು ಕೇಳಿ ಕ್ಷೌರಿಕ ಕತ್ತರಿ ಹಿಡಿದುಕೊಂಡೇ ಓಡಿಬಂದ, ಅವನ ಹಿಂದೆ ಅರ್ಧ ತಲೆ ಕತ್ತರಿಸಿಕೊಂಡ ಗಿರಾಕಿಯೂ ಬಂದ.

"ಶಭಾಷ್ ಮೇಸ್ತ್ರಿ" ಎಂದ ಕ್ಷೌರಿಕ. "ಇಂಥ ಭದ್ರತೆ ಬ್ಯಾಂಕಲ್ಲೂ ಇಲ್ಲ. ಕಳ್ಳನ ಕೈಗೂ ಸಿಗಲ್ಲ, ಮಾಲೀಕರ ಕೈಗೂ ಸಿಗಲ್ಲ."

"ಇದು... ಮರ ಹಸಿ ಇದೆ. ಒಣಗಿದ ಮೇಲೆ ಸರಿಹೋಗುತ್ತೆ" ಎಂದ ಮೇಸ್ತ್ರಿ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ.

"ಎಷ್ಟು ವರ್ಷಕ್ಕೆ?" ಎಂದಳು ಹೆಂಡತಿ.

ಹ್ಯಾಂಡಲ್ ಬಿಚ್ಚಿದರಾಯಿತು ಎಂದು ಅರ್ಧ ತಲೆಯವನು ಪುಕ್ಕಟೆ ಸಲಹೆ ಕೊಟ್ಟ. "ದಿನಾ ಬೆಳಗ್ಗೆ ಬಿಚ್ಚಿ, ಸಂಜೆ ಜೋಡಿಸೋದಾದ್ರೆ ನಾನು ಬೇಕರಿ ಬಿಟ್ಟು ಗ್ಯಾರೇಜ್ ಇಡಬೇಕಾಗುತ್ತೆ" ಎಂದಳು ಮಗಳು. ಅವಳು ಹೆಲ್ಮೆಟ್ ತೆಗೆದು ಟ್ಯಾಂಕಿನ ಮೇಲಿಟ್ಟು, "ನಾಳೆ ಮೊದಲನೇ ದಿನ ಅಪ್ಪ" ಎಂದಳು, ಅಷ್ಟೇ.

ಕ್ಷೌರಿಕನಿಗೂ ನಗುವುದು ಸಾಕೆನ್ನಿಸಿತು. ಗಿರಾಕಿಯನ್ನು ಕರೆದುಕೊಂಡು ಮೆಲ್ಲಗೆ ಅಂಗಡಿಗೆ ಹೋದ.

ಹೆಂಡತಿ ಗಂಡನ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದಳು. "ರೀ, ಊರೋರ ಮಾವಂದಿರನ್ನೆಲ್ಲ ಅಳೆದೋರು ನೀವು. ಇವತ್ತು ಆ ಪ್ರಶ್ನೆ ಯಾರನ್ನ ಕೇಳಿದ್ರಿ?"

ಮೇಸ್ತ್ರಿ ಯಾರನ್ನೂ ಕೇಳಿರಲಿಲ್ಲ. ಬೆಳಗಿನಿಂದ ಆ ಬೈಕಿನ ಮೇಲೇ ಉಳಿ ಇಟ್ಟುಕೊಂಡು ಕೆಲಸ ಮಾಡಿದ್ದರೂ ಅದನ್ನು ಅಳೆಯಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ. ಅದು ಹೊರಗೆ ಹೋಗುವ ವಸ್ತು ಎಂಬುದೇ ಅವನ ತಲೆಯಲ್ಲಿ ಇರಲಿಲ್ಲ. ತನ್ನ ಮನಸ್ಸು ತನಗೇ ಹೇಳದೆ ಏನು ಮಾಡಿಟ್ಟಿದೆ ಎಂದು ಕಂಡು ಅವನಿಗೆ ನಾಚಿಕೆಯಾಯಿತು. ಮಗಳ ಕಡೆ ತಿರುಗಿ, "ನೀನು ಹೋಗೋದು ನನಗೆ ಹೆದರಿಕೆ ಕಣೇ" ಎಂದುಬಿಟ್ಟ.

"ಗೊತ್ತು" ಎಂದಳು ಮಗಳು. "ನನಗೂ ಹೆದರಿಕೆನೇ. ಆದ್ರೂ ಹೋಗ್ತೀನಿ."

ಅವನು ಗರಗಸ ತಂದ. ಬಾಗಿಲನ್ನು ಕೀಲಿನಿಂದ ಬಿಡಿಸಿ ಗೋಡೆಗೆ ಒರಗಿಸಿದ. ಚೌಕಟ್ಟು ಮಾತ್ರ ಕದಲಲಿಲ್ಲ. ಕಳ್ಳನಿಗೆಂದು ಹೊಡೆದ ಬೋಲ್ಟುಗಳು ಈಗ ಅವನನ್ನೇ ನೋಡಿ ಹಲ್ಲು ಕಿರಿಯುತ್ತಿದ್ದವು. ಬೇರೆ ದಾರಿಯಿಲ್ಲದೆ, ಬೆಳಗಿನಿಂದ ಉಸಿರು ಬಿಗಿಹಿಡಿದು ಕೂರಿಸಿದ ಮರವನ್ನು ಅವನೇ ಕುಯ್ದ. ಕಬ್ಬಿಣದ ಪಟ್ಟಿ ಕೀಳುವಾಗ ಮಗಳು ಅದರ ಇನ್ನೊಂದು ತುದಿ ಹಿಡಿದುಕೊಂಡಳು. ಹೆಂಡತಿ ದೀಪ ಹಿಡಿದು ನಿಂತು, ಇದ್ದ ಕಲ್ಲನ್ನೂ ಎಸೆದ ಬುದ್ಧಿವಂತರ ಬಗ್ಗೆ ತನ್ನಷ್ಟಕ್ಕೆ ಏನೋ ಹೇಳಿಕೊಳ್ಳುತ್ತಿದ್ದಳು. ಮುಗಿಯುವಾಗ ಮೂವರ ತಲೆಯೂ ಮರದ ಪುಡಿಯಿಂದ ಹಳದಿಯಾಗಿತ್ತು, ಮನೆಗೆ ಬಾಗಿಲೆಂಬುದೇ ಇರಲಿಲ್ಲ. ವಾರವಿಡೀ ಅವನು ಕಾವಲು ಕಾದ ಬೈಕು ಆ ರಾತ್ರಿ ಬೀದಿಗೆ ಬಟಾಬಯಲಾಗಿ ನಿಂತಿತ್ತು. ಕಳ್ಳ ಬರಲಿಲ್ಲ. ಬಂದಿದ್ದರೂ ಬಾಗಿಲೇ ಇಲ್ಲದ ಮನೆಯಲ್ಲಿ ಇನ್ನೇನಿರುತ್ತದೆ ಎಂದು ಮುಂದೆ ಹೋಗಿರಬೇಕು.

ನಸುಕಿನಲ್ಲಿ ಮಗಳು ಹೊಸ ಮಳೆಕೋಟು ತೊಟ್ಟು ಬೈಕು ತಳ್ಳಿದಳು. ಅದು ಎಲ್ಲೂ ತಾಗದೆ, ನೀರಲ್ಲಿ ದೋಣಿ ಸರಿದಂತೆ, ಹೊರಗೆ ಹೋಯಿತು. ಹುಷಾರು ಎಂದು ಮೇಸ್ತ್ರಿ ಹೇಳಲಿಲ್ಲ. ಬರೀ ಟೈರು ಒತ್ತಿ ನೋಡಿ ಗಾಳಿ ಸರಿಯಾಗಿದೆ ಎಂದ.

ಅವತ್ತು ಅವನು ಕೆಲಸಕ್ಕೆ ಹೋಗಲಿಲ್ಲ. ಚೌಕಟ್ಟಿಗೆ ಮರ ಆರಿಸುವ ನೆಪದಲ್ಲಿ ಬಾಗಿಲಿಲ್ಲದ ಬಾಗಿಲಲ್ಲೇ ಕೂತ. ಕ್ಷೌರಿಕ ಆಚೆಯಿಂದಲೇ, "ಬೈಕು ಇಲ್ವಲ್ಲ ಮೇಸ್ತ್ರಿ, ಇನ್ನೇನು ಕದೀತಾರೆ ಅಂತ ಕೂತಿದೀಯಾ?" ಎಂದು ಕೂಗಿದ್ದಕ್ಕೆ ಕೇಳಿಸದವನ ಹಾಗೆ ಪೆನ್ಸಿಲ್ಲು ಚೂಪು ಮಾಡಿದ. ಅದು ಬೆಳಗಿನಿಂದ ಎಷ್ಟು ಸಲ ಚೂಪಾಗಿತ್ತೆಂದರೆ ಬೆರಳಲ್ಲಿ ಹಿಡಿಯಲು ಸಿಗುತ್ತಿರಲಿಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಬೈಕು ಬಂತು. ಮಗಳ ಹುಬ್ಬಿನ ಮೇಲೆ ಹಿಟ್ಟಿತ್ತು, ಕಣ್ಣು ಕೆಂಪಾಗಿತ್ತು. "ಎರಡನೇ ದಿನಕ್ಕೂ ಬಾ ಅಂದ್ರು" ಎನ್ನುತ್ತಾ ಬೈಕನ್ನು ಒಳಗೆ ತಳ್ಳಿದಳು. ಬೆಳಗ್ಗೆ ಎಲ್ಲೂ ತಾಗದೆ ಹೋದದ್ದು ಈಗ ಒಂದು ಸಲ ಈ ಕಡೆ ವಾಲಿತು, ಒಂದು ಸಲ ಆ ಕಡೆ ವಾಲಿತು, ಕೊನೆಗೆ ಹ್ಯಾಂಡಲ್ಲಿನ ತುದಿ ಗೋಡೆಯ ಗಾರೆಯನ್ನು ಕೆರೆದುಕೊಂಡೇ ಒಳಗೆ ಬಂತು. ಅವಳು ಅದನ್ನು ಗಮನಿಸಲೂ ಇಲ್ಲ. ಸ್ಟ್ಯಾಂಡ್ ಹಾಕಿ ಕೈಯಲ್ಲಿದ್ದ ಬಿಸಿ ಬ್ರೆಡ್ಡಿನ ಪೊಟ್ಟಣವನ್ನು ತಾಯಿಗೆ ಕೊಟ್ಟು, ಹಾಗೇ ಗೋಡೆಗೆ ಒರಗಿ ಕೂತು ಕಣ್ಣು ಮುಚ್ಚಿದಳು.

ಮೇಸ್ತ್ರಿ ಗೋಡೆಯ ಮೇಲಿನ ಗೀರನ್ನು ನೋಡಿದ. ಆಮೇಲೆ ಎದ್ದು ಹ್ಯಾಂಡಲ್ಲನ್ನು ಅಳೆದ, ಗೋಡೆಯ ಮೇಲೆ ಗುರುತು ಮಾಡಿದ. ಆ ಗುರುತಿನಾಚೆ ಕೈಯಗಲಿಸಿ ಇನ್ನೂ ಒಂದು ಗೇಣು ಸೇರಿಸಿ ಗೆರೆ ಎಳೆದ.

"ಅಷ್ಟು ಅಗಲ ಯಾಕೆ? ಗೋಡೆ ಒಡೀಬೇಕಾಗುತ್ತೆ" ಎಂದಳು ಹೆಂಡತಿ. "ಬೈಕು ಅಷ್ಟಿಲ್ಲ."

"ಹೋಗೋವಾಗ ಅಷ್ಟಿಲ್ಲ" ಎಂದ ಮೇಸ್ತ್ರಿ. "ಬರೋವಾಗ ಸುಸ್ತಾಗಿರ್ತಾಳಲ್ಲ."

ಹೆಂಡತಿಗೆ ನಾಲಿಗೆ ತುದಿಗೆ ಬಂದ ಗೇಲಿಯ ಮಾತೊಂದಿತ್ತು. ಅದನ್ನು ನುಂಗಿಕೊಂಡು, ಹಾರೆ ಹಿತ್ತಲಲ್ಲಿದೆ ಎಂದು ಹೇಳಿ ಬ್ರೆಡ್ಡು ಕೊಯ್ಯಲು ಒಳಗೆ ಹೋದಳು.