ಒಂದೇ ಕಾಲೇಜಿನ ಹೆಸರು

ನಿವೃತ್ತ ಇಂಜಿನಿಯರ್ ಜಂಬುನಾಥರು ತಮ್ಮ ಕಾಲೇಜಿನ ಮಾತು ಎತ್ತಿದರೆ ಬಳ್ಳಾರಿಯ ಅವರ ಓಣಿಯ ಜನ ಮೆಲ್ಲಗೆ ಜಾಗ ಖಾಲಿ ಮಾಡುತ್ತಿದ್ದರು. ಕುರುಗೋಡಿನ ಬಡವರ ಮನೆಯ ಹುಡುಗ ಸರ್ಕಾರಿ ಕಾಲೇಜಿನಲ್ಲಿ ಬಿಡಿಗಾಸಿನ ಫೀಜಿಗೆ ಸಿವಿಲ್ ಓದಿ, ಸೇವೆಯುದ್ದಕ್ಕೂ ತುಂಗಭದ್ರಾ ಕಾಲುವೆಗಳ ಮೇಲೆ ದರ್ಬಾರು ನಡೆಸಿದ್ದು ಸಣ್ಣ ಮಾತೇನಲ್ಲ ಬಿಡಿ. ಆದರೆ ಆ ಕಾಲೇಜನ್ನು ಅವರು ದೇವರ ಪಕ್ಕದಲ್ಲೇ ಕೂರಿಸಿಬಿಟ್ಟಿದ್ದರು.

ಸಿರುಗುಪ್ಪದ ಗಂಗಕ್ಕ ಅವರನ್ನೇ ನಂಬಿ ಬಂದಳು. ಅವಳ ಗಂಡ ಕಾಲುವೆಯ ತೂಬು ಕಾಯುತ್ತ ಇವರ ಕೈಕೆಳಗೆ ದುಡಿದು ತೀರಿಕೊಂಡಿದ್ದ. ಮಗಳು ಪೂಜಿತಾ ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ತೆಗೆದಿದ್ದಳು.

"ಈ ವರ್ಷ ಸೀಟು ಸಿಕ್ರ ಓದ್ಲಿ, ಇಲ್ಲಾಂದ್ರ ಮದಿವಿ ಅಂತ ನಮ್ಮ ಭಾವ ಕುಂತಾನ್ರಿ. ನೀವ ದಾರಿ ತೋರಸ್ಬೇಕು, ಸಾಹೇಬ್ರ" ಎಂದಳು.

ಕಂಪ್ಯೂಟರ್ ಅಂಗಡಿಯಲ್ಲಿ ಪೂಜಿತಾ ಸೀಟಿನ ಆಯ್ಕೆ ಪಟ್ಟಿಗೆ ಹತ್ತಾರು ಕಾಲೇಜುಗಳನ್ನು ಆರಿಸಿ ಇಟ್ಟಿದ್ದಳು. ಜಂಬುನಾಥರು ಒಂದೊಂದನ್ನೇ ತೆಗೆಸಿದರು.

"ಇವೆಲ್ಲ ದಂಧೆ ಮಾಡೋ ಕಾಲೇಜು. ನಾನು ಓದಿದ್ದು ಒಂದು ಇರ್ಲಿ, ಸಿವಿಲ್ ಇರ್ಲಿ. ಸಾಕು."

"ಅವಕ್ಕೂ ಸ್ಕಾಲರ್‌ಶಿಪ್ ಬರ್ತೈತಿ ತಾತ. ಒಂದ ಹಾಕಿದ್ರ ಹೆಂಗ್ರಿ? ಮುಂದಿನ ಸುತ್ತಿನಾಗ ಹೊಸಾದು ಸೇರ್ಸಾಕ ಬರೂದಿಲ್ಲಂತ."

"ನಾನು ಅಲ್ಲಿ ಓದಿ ಬದುಕಿಲ್ಲೇನು? ಸುಮ್ನ ಒತ್ತು."

ಹುಡುಗಿ ಒತ್ತಿದಳು. ಹಿರಿಯರ ಮಾತು ಮೀರುವ ಮನೆಯಲ್ಲಿ ಅವಳು ಬೆಳೆದಿರಲಿಲ್ಲ.

ಅವರ ಕಾಲದಲ್ಲಿ ಅಂಕಪಟ್ಟಿ ತೋರಿಸಿದರೆ ಅಲ್ಲಿ ಸೀಟು ಸಿಗುತ್ತಿತ್ತು. ಈಗ ಅದೇ ಅಗ್ಗದ ಕಾಲೇಜಿಗೆ ಇಡೀ ರಾಜ್ಯ ಮುಗಿಬೀಳುತ್ತದೆ ಎಂಬುದು ಆ ಜಂಬದ ತಲೆಗೆ ಹೊಳೆಯಲೇ ಇಲ್ಲ. ಮೊದಲ ಸುತ್ತಿನಲ್ಲಿ ಸೀಟು ಬರಲಿಲ್ಲ, ಕೊನೆಯ ಸುತ್ತಿನಲ್ಲೂ ಬರಲಿಲ್ಲ. ಅವರು ತೆಗೆಸಿದ್ದ ಕಾಲೇಜುಗಳಿಗೆ ಪೂಜಿತಾಳಿಗಿಂತ ಎಷ್ಟೋ ಹಿಂದಿದ್ದ ಮಕ್ಕಳು ಸೇರಿಕೊಂಡರು.

ಜಂಬುನಾಥರ ಎದೆ ಒಡೆದುಹೋಯಿತು. ತಪ್ಪು ನನ್ನದೆಂದು ಗಂಗಕ್ಕನ ಮುಂದೆ ಹೇಳಿಬಿಡಬೇಕೆಂದೇ ಅವರು ಸಿರುಗುಪ್ಪದ ಬಸ್ಸು ಹತ್ತಿದರು.

ಗಂಗಕ್ಕ ಸೆರಗಿನಿಂದ ಕುರ್ಚಿ ಒರೆಸಿ ಕೂರಿಸಿದಳು. "ಆಕಿ ಹಣಿಬರಾ ಸಾಹೇಬ್ರ. ನಿಮ್ಮಂಥೋರು ಕೈ ಹಚ್ಚಿದ್ರೂ ಆಗ್ಲಿಲ್ಲ ಅಂದ್ರ ಯಾರೇನು ಮಾಡಾಕ ಆಕ್ಕೈತಿ?" ಎಂದು ಹಾಲು ತರಲು ಅಂಗಡಿಗೆ ಹೋದಳು.

ಪೂಜಿತಾ ಹತ್ತಿರ ಬಂದಳು. "ತಾತ, ಕಾಲೇಜು ತೆಗಿಸಿದ್ದು ಅವ್ವಗ ಹೇಳಬ್ಯಾಡ್ರಿ. ಅಪ್ಪ ಸತ್ತ ಮ್ಯಾಲ ಆಕಿ ನಂಬಿದ್ದು ನಿಮ್ಮೊಬ್ಬರನ್ನ. ಅದೂ ಹೋದ್ರ ತಡಕೊಳ್ಳಾಂಗಿಲ್ಲ."

ಅವಳು ಬೈದಿದ್ದರೆ ಅವರು ಬದುಕಿಕೊಳ್ಳುತ್ತಿದ್ದರು.

ಗಂಗಕ್ಕ ಹಾಲು ತಂದು ಮಗಳ ಕೈಗಿಟ್ಟಳು. "ಗಂಡು ಮೋಕಾ ಊರಿನಾಂವ್ರಿ. ಬರೋ ಸೋಮವಾರ ನಿಶ್ಚಿತಾರ್ಥ. ಆಕಿಗೆ ಅಪ್ಪ ಇಲ್ಲ. ತಾಂಬೂಲ ನೀವ ಕೊಡಬೇಕ್ರಿ, ಸಾಹೇಬ್ರ."

ಜಂಬುನಾಥರು ಪೂಜಿತಾಳ ಕಡೆ ನೋಡಿದರು. ಅವಳು ತಲೆ ತಗ್ಗಿಸಿ ಚಹಾ ಸೋಸುತ್ತಿದ್ದಳು.

"ಆಗ್ಲವ್ವ, ಬರ್ತೀನಿ" ಎಂದರು.