ಕೂಸಿನ ಹೊಟ್ಟೆಯ ನೀರು

ಬುವಾಟಿಪ್‌ಳ ಹೊಟ್ಟೆ ತಿಂಗಳಿಗೆ ಮೀರಿ ಬೆಳೆದದ್ದನ್ನು ಕಂಡು ಲಾಂಪಾಂಗ್ ಸಂತೆಯ ಹೆಂಗಸರು ಅವಳಿ ಎಂದು ತೀರ್ಪು ಕೊಟ್ಟುಬಿಟ್ಟಿದ್ದರು. "ಒಂದನ್ನ ನನಗೆ ಕೊಡೇ, ನಿನಗೆ ಎರಡೆರಡು ಯಾಕೆ?" ಎಂದು ಮೀನು ಮಾರುವವಳು ಕಂಡಾಗಲೆಲ್ಲ ಕೇಳುತ್ತಿದ್ದಳು. ಊರ ಬಾಯಿಗೆ ಬೀಗ ಹಾಕುವವರು ಯಾರು?

ಜಿಲ್ಲಾ ಆಸ್ಪತ್ರೆಯ ಸ್ಕ್ಯಾನಿಂಗಿನಲ್ಲಿ ಕಂಡದ್ದು ಒಂದೇ ಕೂಸು. ಅದರ ಪುಟ್ಟ ಹೊಟ್ಟೆಯೊಳಗೆಲ್ಲ ಕಪ್ಪು.

"ಆ ಕಪ್ಪೆಲ್ಲ ನೀರು," ಎಂದರು ಡಾಕ್ಟರಮ್ಮ. "ಕೆಲವು ಸಲ ಸೋಂಕಿನಿಂದ ತುಂಬುತ್ತೆ, ಕೆಲವು ಸಲ ಮೂತ್ರದ ದಾರಿ ಕಟ್ಟಿ. ಒಂದೊಂದು ಸಲ ತಾನಾಗೇ ಇಂಗೋದೂ ಉಂಟು. ನಿಮ್ಮ ಯಜಮಾನರ ರಕ್ತ ಯಾಕೆ ಪರೀಕ್ಷೆ ಆಗಿಲ್ಲ?"

ಬುವಾಟಿಪ್ ಅತ್ತೆ ಖಮ್ಮೂನ್‌ಳ ಮುಖ ನೋಡಿದಳು. ಅತ್ತೆ ನೆಲ ನೋಡಿದಳು.

ಬಸಿರು ನಿಂತ ಹೊಸತರಲ್ಲೇ ಊರಿನ ನರ್ಸ್ ಹೇಳಿದ್ದಳು, ನಿನ್ನ ರಕ್ತದಲ್ಲಿ ಸಣ್ಣ ದೋಷವಿದೆ, ಗಂಡನದ್ದೂ ನೋಡಬೇಕು ಅಂತ. ಆದರೆ ಆಗ ಮಾವ ತೀರಿಕೊಂಡು, ಅವರ ಪುಣ್ಯಕ್ಕೆಂದು ಚಿತೆಗೆ ಮುಂಚೆ ಗಂಡ ಇಂತೋನ್ ತಲೆ ಬೋಳಿಸಿ ಭಿಕ್ಷುವಾಗಿದ್ದ. ಒಂದು ದಿನಕ್ಕೆಂದು ಉಟ್ಟ ಕಾವಿ ಚೀವರವನ್ನು ತಾಯಿಯ ಆಸೆಗೆ ಮಳೆಗಾಲ ಮುಗಿಯುವ ತನಕ ಕಳಚಲಿಲ್ಲ. ಮಗನ ಚೀವರದ ಸೆರಗು ಹಿಡಿದೇ ತಾಯಿ ಸ್ವರ್ಗಕ್ಕೆ ಹೋಗುವುದಲ್ಲವೇ?

"ಹೆಂಡತಿ ಬಸುರಿ, ರಕ್ತ ಕೊಡು ಬಾ ಅಂತ ಭಿಕ್ಷುವನ್ನ ಕರೆಯೋಕಾಗುತ್ತಾ? ಜನ ಎಲ್ಲಿಂದ ನಗ್ತಾರೆ ಗೊತ್ತಾ?" ಎಂದಿದ್ದಳು ಖಮ್ಮೂನ್. ಬುವಾಟಿಪ್‌ಗೂ ಅದು ಸರಿ ಎನಿಸಿತ್ತು. ಬೆಳಗ್ಗೆ ಗಂಡನ ಭಿಕ್ಷಾಪಾತ್ರೆಗೆ ಅಂಟಕ್ಕಿಯ ಅನ್ನ ಹಾಕಿ, ಅವನ ಕಣ್ಣು ನೋಡದೆ ಕೈಮುಗಿಯುತ್ತಿದ್ದಳು. ಆ ಪುಣ್ಯವೆಲ್ಲ ಕೂಸಿಗೆ ಸೇರಲಿ ಎಂದು ಬೇಡುತ್ತಿದ್ದಳು. ಚೀವರ ಕಳಚಿದ ಮೇಲೆ ಗದ್ದೆಯ ಕೊಯ್ಲು ಬಂತು, ರಕ್ತದ ಮಾತು ಮರೆತೇಹೋಯಿತು. ತಾನೊಂದು ಬಗೆದರೆ ದೈವ ಇನ್ನೊಂದು ಬಗೆಯಿತು.

ಇಂತೋನ್‌ನ ರಕ್ತ ತೆಗೆದರು. ಹೊಕ್ಕುಳಬಳ್ಳಿಗೆ ಸೂಜಿ ಹಾಕಿ ಕೂಸಿನದ್ದನ್ನೂ ತೆಗೆದರು. ಮದ್ದಿಗೆ ಬಗ್ಗುವ ಸೋಂಕಾಗಿರಲಿ ದೇವರೇ, ಸೋಂಕೇ ಆಗಿರಲಿ ಎಂದು ಬುವಾಟಿಪ್ ಬೇಡಿಕೊಂಡಳು. ಹೊಟ್ಟೆಯ ಕೂಸಿಗೆ ಕಾಯಿಲೆ ಬೇಡುವ ಗತಿ ಯಾವ ತಾಯಿಗೂ ಬೇಡ.

ಮತ್ತೆ ಕರೆಸಿದಾಗ ಡಾಕ್ಟರಮ್ಮ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು.

"ನಿಮ್ಮಿಬ್ಬರಲ್ಲೂ ಒಂದೇ ದೋಷ ಇದೆ. ನಿಮಗದು ಏನೂ ಮಾಡಲ್ಲ. ಕೂಸಿಗೆ ಇಬ್ಬರದೂ ಬಂದಿದೆ. ಅದರ ರಕ್ತ ಮೈಗೆ ಉಸಿರನ್ನ ಬಿಟ್ಟುಕೊಡಲ್ಲ. ಹೃದಯ ದಣಿದು ಊದಿಕೊಂಡಿದೆ, ಅದಕ್ಕೇ ಹೊಟ್ಟೇಲಿ ನೀರು. ಕೂಸು ಉಳಿಯಲ್ಲಮ್ಮ. ನಿಮಗೂ ಬಿಪಿ ಏರ್ತಿದೆ. ಈಗಲೇ ಹೆರಿಗೆ ಮಾಡಿಸಿಬಿಡಬೇಕು."

ಇಂತೋನ್ ಹೆಂಡತಿಯ ಹೆಗಲು ಹಿಡಿದುಕೊಂಡ. ಕೇಳಿದವಳು ಖಮ್ಮೂನ್. "ಅವತ್ತೇ ಇವನನ್ನ ಕಳಿಸಿದ್ರೆ ಉಳೀತಿತ್ತಾ? ತಡೆದವಳು ನಾನು. ನಿಜ ಹೇಳಿ ಡಾಕ್ಟ್ರೇ."

"ಇಲ್ಲಮ್ಮ. ಬೇಗ ಗೊತ್ತಾಗ್ತಿತ್ತು, ಇವರಿಗಿಷ್ಟು ಕಷ್ಟ ಆಗ್ತಿರಲಿಲ್ಲ. ಕೂಸಿಗೆ ಮಾತ್ರ ಇದೇ ಗತಿ."

ಬುವಾಟಿಪ್‌ಗೆ ಆ ಮಾತು ಎಲ್ಲಕ್ಕಿಂತ ಭಾರವಾಯಿತು. ಸ್ಕ್ಯಾನಿಂಗ್ ಆದಂದಿನಿಂದ ಅತ್ತೆಯ ಮೇಲೆ ಒಳಗೊಳಗೇ ಹಲ್ಲು ಮಸೆಯುತ್ತ ಬದುಕಿದ್ದಳು. ಈಗ ಬೈಯಲು ಕೂಡ ಯಾರೂ ಉಳಿಯಲಿಲ್ಲ.

ಹೆರಿಗೆ ಕೋಣೆಯ ಹೊರಗಿನ ಬೆಂಚಿನಲ್ಲಿ ಖಮ್ಮೂನ್ ಸೊಸೆಯ ಕಾಲು ಒತ್ತುತ್ತ ಮೆಲ್ಲಗೆ ಹೇಳಿದಳು, "ಹಿಂದಿನ ಜನ್ಮದ ತಾಯಿ ಇದನ್ನ ವಾಪಸ್ ತನ್ನ ಹತ್ರ ಎಳೀತಿದ್ದಾಳೆ ಕಣೇ. ಮನೆಗೆ ಹೋಗಿ ಅವಳಿಗೆ ಎಡೆ ಇಡೋಕೆ ಬಾಳೆದಿಂಡಿನ ತಟ್ಟೆ ಕಟ್ತೀನಿ. ಅನ್ನ, ಬಾಳೆಹಣ್ಣು, ಸಿಹಿ ಎಲ್ಲ ಇಟ್ಟು ಬೇಡ್ಕೋತೀನಿ, ಬಿಟ್ಟುಬಿಡು ನಮ್ಮ ಕೂಸನ್ನ ಅಂತ. ಏನಾದ್ರೂ ಒಂದು ಮಾಡ್ಬೇಕಲ್ಲ ನಾನು."

ಹೊಟ್ಟೆಯೊಳಗೆ ಕೂಸು ಬಲು ಸಣ್ಣಗೆ ಮಿಸುಕಿತು. ಬುವಾಟಿಪ್ ಅದರ ಮೇಲೆ ಅಂಗೈ ಇಟ್ಟಳು.

"ತಟ್ಟೆ ಕಟ್ಟಿ ಅತ್ತೆ," ಎಂದಳು. "ಆದ್ರೆ ಬಿಟ್ಬಿಡು ಅನ್ಬೇಡಿ. ಬಾಗಿಲಲ್ಲೇ ನಿಂತಿರು ಅನ್ನಿ ಆ ತಾಯಿಗೆ. ಇವತ್ತು ಸಂಜೆ ಕೂಸು ನಿನ್ನ ಹತ್ರ ಬರುತ್ತೆ, ಹೊಟ್ಟೆ ನೋಯುತ್ತೆ ಅದಕ್ಕೆ, ಹುಷಾರಾಗಿ ಎತ್ಕೋ ಅನ್ನಿ."