ಸೊಂಟ ಸರಿಮಾಡುವಾಗ ಉದ್ದ ಮುಟ್ಟಬೇಡ

ಯೂನಿವರ್ಸಿಟಿಯಲ್ಲಿ ಎಕ್ಸ್, ವೈ ಎರಡೂ ಬದಲಾಗುವ ಬಹುಚರ ಕಲನ ಎಂಬ ಗಣಿತದಲ್ಲಿ ನನ್ನ ಅಕ್ಕನ ಮಗಳು ಎರಡು ಸಲ ಡುಮ್ಕಿ ಹೊಡೆದಿದ್ದಳು. ಇನ್ನೊಂದು ಸಲ ಫೇಲಾದರೆ ಓದೇ ನಿಂತಂತೆ. ನನ್ನ ಹೊಲಿಗೆ ಅಂಗಡಿಯಲ್ಲಿ ಕೆಲಸಕ್ಕೆ ನೆರವಾಗುತ್ತಾ ಕೂತು, "ಚಿಕ್ಕಮ್ಮ, ಎಕ್ಸ್ ಬದಲಾಗುವಾಗ ವೈ ಏನು ಮಾಡತ್ತೆ ಅಂತಾನೇ ತಿಳಿಯಲ್ಲ," ಎಂದಳು.

"ಮೊನ್ನೆ ಆ ಪ್ಯಾಂಟಿನ ಸೊಂಟ, ಉದ್ದ ಎರಡನ್ನೂ ಒಟ್ಟಿಗೆ ಕೆದಕಿ ಕೆಡಿಸಿದೆಯಲ್ಲ, ಆಗ ನಾನೇನು ಹೇಳಿದ್ದೆ?" ಎಂದೆ.

"ಸೊಂಟ ಸರಿಮಾಡುವಾಗ ಉದ್ದ ಮುಟ್ಟಬೇಡ ಅಂತ."

"ಎಕ್ಸ್ ಹಿಡಿದಾಗ ವೈನೂ ಮುಟ್ಟದೆ ಬಿಡು. ಅದರ ಸರದಿ ಆಮೇಲೆ."

ಸೀಮೆಸುಣ್ಣ ತಗೊಂಡು ಬಟ್ಟೆ ಕತ್ತರಿಸುವ ಮೇಜಿನ ಮೇಲೇ ಲೆಕ್ಕ ಮಾಡಿದಳು. ಪರೀಕ್ಷೆ ಪಾಸೂ ಆದಳು.

ಆಮೇಲೊಂದು ದಿನ ಅವಳ ಗಣಿತದ ಮೇಷ್ಟ್ರೇ ಅಂಗಡಿಗೆ ಪ್ಯಾಂಟ್ ತಂದು, "ಸೊಂಟ, ಉದ್ದ ಎರಡೂ ಒಂದೇ ಸಲಕ್ಕೆ ಸರಿಮಾಡಮ್ಮ," ಎಂದರು.

"ಒಂದೊಂದೇ ಸಾರ್. ನೀವೇ ಹೇಳಿಕೊಟ್ಟಿದ್ದಲ್ವಾ?" ಎಂದಳು ಹುಡುಗಿ.

ಮೇಷ್ಟ್ರು ಬೀಗಿದರು. ನಿಜಕ್ಕೂ ಹೇಳಿಕೊಟ್ಟ ನನ್ನ ಬಾಯ್ತುಂಬ ಗುಂಡುಸೂಜಿ ಇತ್ತು; ಮೊದಲು ಸೊಂಟದ ಅಳತೆ ತಗೊಂಡೆ.